ರಾತ್ರಿ ಬೆವರು, ನಸುಕಿನಲ್ಲಿ ನಡುಕ: ಹೊದಿಕೆಯ ದೋಷ ಹುಡುಕುವ ಕೈಪಿಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಅಂದರೆ ಬಿಸಿಲು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಇಂಥ ಕಡೆ ಹೊದಿಕೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಅನ್ನಿಸಬಹುದು. ಆದರೆ ನಮ್ಮ ಕಡೆ ಡಿಸೆಂಬರ್-ಜನವರಿಯ ಒಂದೇ ದಿನವನ್ನು ನೋಡಿ. ಮಧ್ಯಾಹ್ನ 30ರ ಹತ್ತಿರ ಇರುತ್ತದೆ. ನಸುಕಿಗೆ 15ರ ಆಸುಪಾಸಿಗೆ ಇಳಿಯುತ್ತದೆ, ಕೆಲವು ರಾತ್ರಿ ಅದಕ್ಕೂ ಕೆಳಗೆ. ಮಲಗುವಾಗ ಒಂದು ಹವೆ, ಏಳುವಾಗ ಇನ್ನೊಂದು. ಒಂದೇ ಹೊದಿಕೆ ಎರಡನ್ನೂ ತಡೆದುಕೊಳ್ಳಬೇಕು. ಬಹಳ ಮನೆಗಳಲ್ಲಿ ತೊಂದರೆ ಶುರುವಾಗುವುದು ಇಲ್ಲೇ.

ಚಳಿ ಆಯಿತು ಅಂದ ಕೂಡಲೇ ಅಂಗಡಿಗೆ ಹೋಗಿ ಇನ್ನೂ ದಪ್ಪದ ರಜಾಯಿ ತರುತ್ತೇವೆ. ಅದೂ ಆಗಲಿಲ್ಲ ಅಂತ ಮತ್ತೊಂದು. ಕಡೆಗೆ ಟ್ರಂಕ್ ತುಂಬುತ್ತದೆ, ನಿದ್ದೆ ಬರುವುದಿಲ್ಲ. ಬಹಳ ಸಲ ತಪ್ಪು ಹೊದಿಕೆಯ ದಪ್ಪದಲ್ಲಿ ಇರುವುದೇ ಇಲ್ಲ. ಕೆಳಗಿನ ಗಾದಿಯಲ್ಲಿ, ಅಳತೆಯಲ್ಲಿ, ಒಳಗೆ ಕೂತ ತೇವದಲ್ಲಿ, ಇಲ್ಲವೇ ಮನೆಯ ಛತ್ತಿನಲ್ಲಿ ಇರುತ್ತದೆ. ದುಡ್ಡು ಬಿಚ್ಚುವ ಮೊದಲು ದೋಷ ಯಾವುದು ಅಂತ ಹುಡುಕಿ.

ಈ ಕೈಪಿಡಿಯಲ್ಲಿ ಕೌದಿ ಅಂದರೆ ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದದ್ದು. ರಜಾಯಿ ಅಂದರೆ ಒಳಗೆ ಹತ್ತಿ ತುಂಬಿದ್ದು. ಕಂಫರ್ಟರ್ ಅಂದರೆ ಪಾಲಿಯೆಸ್ಟರ್ ಎಳೆ ತುಂಬಿದ, ಚೀಲದಲ್ಲಿ ಮಡಚಿ ಮಾರುವ ಹಗುರ ಹೊದಿಕೆ. ಇವುಗಳ ಜೊತೆ ದುಪ್ಪಟಿ ಮತ್ತು ಕಂಬಳಿ.

ಮೊದಲು ಎರಡು ಪ್ರಶ್ನೆ

ಚಳಿ ಯಾವ ಹೊತ್ತಿಗೆ ಆಗುತ್ತದೆ? ಮಲಗಿದ ಕೂಡಲೇ ಚಳಿ ಆದರೆ ಹೊದಿಕೆ ನಿಜವಾಗಿ ತೆಳು, ಅಥವಾ ಹಾಸಿಗೆಯೇ ತಣ್ಣಗಿದೆ. ನಡುರಾತ್ರಿಯ ನಂತರ ಆದರೆ ತೇವದ ಕಡೆ ಬೊಟ್ಟು ಮಾಡಬೇಕು.

ಮೈಯ ಯಾವ ಭಾಗಕ್ಕೆ ಆಗುತ್ತದೆ? ಬೆನ್ನಿಗೆ ಆದರೆ ಕೆಳಗಿನ ದೋಷ. ಭುಜ, ಸೊಂಟದ ಪಕ್ಕ ಆದರೆ ಅಳತೆಯ ದೋಷ. ಮೊಣಕಾಲಿನ ಮೇಲೆ, ಎದೆಯ ಮೇಲೆ ಅಲ್ಲಲ್ಲಿ ಆದರೆ ಒಳಗಿನ ಹತ್ತಿ ಸರಿದಿದೆ.

ಎರಡು-ಮೂರು ರಾತ್ರಿ ಇಷ್ಟನ್ನು ಗಮನಿಸಿ. ಎಚ್ಚರ ಆದಾಗ ಗಡಿಯಾರ ನೋಡಿ, ಹೊದಿಕೆಯ ಒಳಮೈ ಮುಟ್ಟಿ ನೋಡಿ. ತಣ್ಣಗೆ, ಜಿಗುಟಾಗಿ ಹತ್ತಿದರೆ ಅರ್ಧ ಉತ್ತರ ಸಿಕ್ಕಿತು.

ಹನ್ನೊಂದಕ್ಕೆ ಸೆಕೆ, ಎರಡಕ್ಕೆ ಬೆವರು, ಐದಕ್ಕೆ ನಡುಕ

ನಮ್ಮ ಮೂರು ಜಿಲ್ಲೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದೇ. ಹೊಸ ಕಂಫರ್ಟರ್ ತಂದ ಮನೆಗಳಲ್ಲಂತೂ ಜಾಸ್ತಿ.

ಇದಕ್ಕೆ ಎರಡು ಕಾರಣ ಸೇರುತ್ತವೆ. ಒಂದು ಮನೆ. ಆರ್‌ಸಿಸಿ ಛತ್ತು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಹಳ ಹೊತ್ತಿನವರೆಗೆ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಮೇಲಿನ ಮಹಡಿಯಲ್ಲಿ ಮಲಗುವವರಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಈ ಏರಿಳಿತ ಇಷ್ಟು ಜೋರಾಗಿ ಇರುತ್ತಿರಲಿಲ್ಲ. ದಪ್ಪ ಗೋಡೆ, ದಪ್ಪ ಮಣ್ಣಿನ ಛತ್ತು ಹಗಲಿನ ಕಾವನ್ನು ನಿಧಾನವಾಗಿ ಒಳಗೆ ಬಿಡುತ್ತಿದ್ದವು, ರಾತ್ರಿಯ ತಂಪನ್ನೂ ಹಾಗೆಯೇ. ಅಜ್ಜಿ ಒಂದೇ ಕೌದಿಯಲ್ಲಿ ಚಳಿಗಾಲ ಕಳೆದರು ಅಂತ ನೀವು ಅದನ್ನೇ ಹೊದ್ದು ಆಗಲಿಲ್ಲ ಅಂದರೆ ಕೌದಿಯನ್ನು ದೂರಬೇಡಿ, ಮನೆ ಬದಲಾಗಿದೆ.

ಇನ್ನೊಂದು ನಮ್ಮ ಮೈ. ನಿದ್ದೆಗೆ ಜಾರುವ ಹೊತ್ತಿಗೆ ಮೈ ತನ್ನ ಒಳಗಿನ ಕಾವನ್ನು ಚರ್ಮದ ಮೂಲಕ ಹೊರಗೆ ಹಾಕುತ್ತದೆ. ಹೊರಗೆ ಹಾಕಿದ ಮೇಲೆ ಒಳಗಿನ ತಾಪ ಇಳಿಯುತ್ತಾ ಹೋಗಿ ನಸುಕಿನ ಹೊತ್ತಿಗೆ ತಳ ಮುಟ್ಟುತ್ತದೆ. ಹೊರಗಿನ ಗಾಳಿ ಅತಿ ತಣ್ಣಗಾಗುವುದೂ ಸೂರ್ಯ ಹುಟ್ಟುವ ಮುಂಚೆಯೇ. ಹೀಗೆ ಎರಡು ತಂಪು ಒಂದೇ ಹೊತ್ತಿಗೆ ಬಂದು ಕೂಡುತ್ತವೆ.

ಈಗ ಇದರ ನಡುವೆ ಒಂದು ದಪ್ಪ ಪಾಲಿಯೆಸ್ಟರ್ ಹೊದಿಕೆ ಇಡಿ. ಮಲಗಿದಾಗ ಅದು ಕಾವನ್ನು ಹಿಡಿದಿಡುತ್ತದೆ, ಬೆವರು ಬರುತ್ತದೆ. ಬಟ್ಟೆ-ನಾರುಗಳನ್ನು ಅಳೆಯುವವರು ಹೇಳುವ ಲೆಕ್ಕ ಹೀಗಿದೆ: ಮಾಮೂಲು ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇ. 8.5ರಷ್ಟು ತೇವವನ್ನು ನಾರಿನೊಳಗೆ ಇಟ್ಟುಕೊಳ್ಳುತ್ತದೆ. ಉಣ್ಣೆ ಶೇ. 16ರ ಆಸುಪಾಸು. ಪಾಲಿಯೆಸ್ಟರ್ ಬರೀ ಶೇ. 0.4. ಅಂದರೆ ಬೆವರಿನ ಆವಿಗೆ ಪಾಲಿಯೆಸ್ಟರ್ ಒಳಗೆ ಜಾಗವೇ ಇಲ್ಲ. ಅದು ಹೊದಿಕೆಯ ಒಳಮೈಯಲ್ಲಿ, ನಿಮ್ಮ ಬನಿಯನ್‌ನಲ್ಲಿ, ಬೆಡ್‌ಶೀಟಿನಲ್ಲಿ ಕೂರುತ್ತದೆ. ಸೆಕೆ ಅಂತ ನೀವು ಹೊದಿಕೆ ಒದೆಯುತ್ತೀರಿ. ಒದೆದ ಕೂಡಲೇ ಬೆವರು ಆರುತ್ತಾ ಮೈಯನ್ನು ತಣ್ಣಗೆ ಮಾಡುತ್ತದೆ. ಮತ್ತೆ ಹೊದ್ದರೆ ಹಸಿ ಬಟ್ಟೆ ಹೊದ್ದಂತೆ. ನಿಂತ ಗಾಳಿಗೆ ಹೋಲಿಸಿದರೆ ನೀರು ಕಾವನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ದಾಟಿಸುತ್ತದೆ. ಹೊದಿಕೆ ಬೆಚ್ಚಗಿಡುವುದೇ ತನ್ನೊಳಗೆ ಹಿಡಿದ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ತೇವ ಬಂದರೆ ಎಷ್ಟೇ ದಪ್ಪ ಇದ್ದರೂ ನಡುಕ ತಪ್ಪುವುದಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಒಂದು ರಾತ್ರಿ ಆ ದಪ್ಪ ಹೊದಿಕೆಯನ್ನು ಕಾಲ ಬಳಿ ಮಡಚಿ ಇಡಿ. ಮಲಗುವಾಗ ಬರೀ ಒಂದು ಹತ್ತಿಯ ದುಪ್ಪಟಿ ಅಥವಾ ತೆಳು ಕೌದಿ ಹೊದೆಯಿರಿ. ಎಚ್ಚರ ಆದಾಗ, ಚಳಿ ಅನ್ನಿಸಿದಾಗ ಮಾತ್ರ ಎರಡನೆಯದನ್ನು ಮೇಲೆ ಎಳೆದುಕೊಳ್ಳಿ. ಮೈ ಒಣಗಿ ಇದ್ದು ಬೆಳಗಿನ ತನಕ ನಿದ್ದೆ ಬಂದರೆ ದೋಷ ಸಿಕ್ಕಿತು. ಹೊಸದೇನೂ ಕೊಳ್ಳಬೇಕಿಲ್ಲ.

ನಮ್ಮ ಹವೆಗೆ ಒಂದು ದಪ್ಪಕ್ಕಿಂತ ಎರಡು ತೆಳು ಒಳ್ಳೆಯದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಎರಡು ಪದರದ ನಡುವೆ ಇನ್ನೊಂದು ಗಾಳಿಯ ಪದರ ಸಿಗುತ್ತದೆ, ಬೇಕಾದಾಗ ಒಂದನ್ನು ತೆಗೆಯಬಹುದು, ಒಗೆದು ಒಣಗಿಸುವುದೂ ಸುಲಭ. ಕಂಫರ್ಟರ್ ಈಗಾಗಲೇ ಇದ್ದರೆ ಎಸೆಯಬೇಡಿ. ಮೈಗೆ ತಾಗುವಂತೆ ಹತ್ತಿಯ ದುಪ್ಪಟಿ, ಅದರ ಮೇಲೆ ಕಂಫರ್ಟರ್. ಬೆವರನ್ನು ಹತ್ತಿ ಎಳೆದುಕೊಳ್ಳುತ್ತದೆ. ಮೇಲೆ-ಕೆಳಗೆ ಮಾಡಿದರೆ ಈ ಲಾಭ ಇಲ್ಲ.

ಒಂದು ಎಚ್ಚರಿಕೆ. ಕೋಣೆ ತಣ್ಣಗಿದ್ದು ತೆಳು ಹೊದಿಕೆ ಇದ್ದರೂ ಬಟ್ಟೆ ತೋಯುವಷ್ಟು ಬೆವರು ದಿನಾಲೂ ಬರುತ್ತಿದ್ದರೆ, ಜೊತೆಗೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಅದು ಹೊದಿಕೆಯ ಮಾತಲ್ಲ. ಕ್ಷಯದ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗೆ ನಡುರಾತ್ರಿ ಬೆವರಿ ಎಚ್ಚರ ಆದರೆ ಸಕ್ಕರೆ ಕೆಳಗಿಳಿದಿರಬಹುದು. ಆಗಲೇ ಪರೀಕ್ಷೆ ಮಾಡಿ ನೋಡಿ, ಬೆಳಗ್ಗೆ ಡಾಕ್ಟರಿಗೆ ಹೇಳಿ.

ಮೇಲೆ ಎರಡು ಹೊದ್ದರೂ ಬೆನ್ನಿಗೆ ಚಳಿ

ಮೇಲಿನ ಹೊದಿಕೆಯನ್ನು ಮುಟ್ಟಲೇ ಬೇಡಿ. ಚಳಿ ಕೆಳಗಿನಿಂದ ಬರುತ್ತಿದೆ.

ಹಗ್ಗದ ಹೊರಸು, ನವಾರದ ಮಂಚ, ಪಟ್ಟಿಯ ಕಬ್ಬಿಣದ ಮಂಚ, ಇವುಗಳ ಅಡಿಯಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಅದೇ ಸುಖ. ಜನವರಿಯಲ್ಲಿ ಅದೇ ಕಾಟ. ನೆಲದ ಮೇಲೆ ಮಲಗುವವರಿಗೆ ಶಹಾಬಾದಿ ಕಲ್ಲು ಅಥವಾ ಟೈಲ್ಸ್ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಗಾದಿ ಇದೆಯಲ್ಲ ಅನ್ನಬಹುದು. ಆದರೆ ಹತ್ತಿಯ ಗಾದಿ ವರ್ಷಗಟ್ಟಲೆ ಮಲಗಿ ಮಲಗಿ ಒತ್ತಿ ಹೋಗಿದ್ದರೆ ಅದರಲ್ಲಿ ಗಾಳಿಯೇ ಉಳಿದಿರುವುದಿಲ್ಲ. ಸೊಂಟದ ಜಾಗದಲ್ಲಿ ಎರಡೂ ಕಡೆಯಿಂದ ಬೆರಳು ಒತ್ತಿ ನೋಡಿ. ಬೆರಳಿಗೆ ಬೆರಳು ಸಿಕ್ಕಂತೆ ಆದರೆ ಗಾದಿ ಹಿಂಜಿಸುವ ಹೊತ್ತು ಬಂದಿದೆ.

ಪರೀಕ್ಷೆ: ಇವತ್ತು ರಾತ್ರಿ ಬೆಡ್‌ಶೀಟಿನ ಕೆಳಗೆ ಒಂದು ಹಳೆ ದಪ್ಪ ಕೌದಿ ಹಾಸಿ. ಮೇಲಿನದು ಇದ್ದಂತೆ ಇರಲಿ. ಬೆನ್ನು ಬೆಚ್ಚಗಾದರೆ ಮುಗಿಯಿತು. ಹರಿದ ಕೌದಿ, ಕುಗ್ಗಿದ ಕಂಫರ್ಟರ್, ಚುಚ್ಚುವ ಕಂಬಳಿ, ಇವೆಲ್ಲಕ್ಕೂ ಇದೇ ಸರಿಯಾದ ಕೆಲಸ. ನೆಲದ ಮೇಲಾದರೆ ಕೆಳಗೆ ಚಾಪೆ ಇರಲೇಬೇಕು. ಬೆಳಗ್ಗೆ ಗಾದಿಯನ್ನು ಎತ್ತಿ ನಿಲ್ಲಿಸಿ. ಇಲ್ಲದಿದ್ದರೆ ಅಡಿಯಲ್ಲಿ ತೇವ ಕೂತು ಬೂಸ್ಟು ಬರುತ್ತದೆ.

ಪಕ್ಕದಿಂದ ಗಾಳಿ ನುಗ್ಗುತ್ತದೆ, ರಾತ್ರಿಯೆಲ್ಲ ಜಗ್ಗಾಟ

ಇದು ಸುಮ್ನೆ ಅಳತೆಯ ತಪ್ಪು. ಟೇಪ್ ತಗೊಂಡು ಮಂಚದ ಅಗಲ ಅಳೆಯಿರಿ. ಅಂಗಡಿಯಲ್ಲಿ ಸಿಂಗಲ್ ಅಂತ ಸಿಗುವುದು ಸಾಮಾನ್ಯವಾಗಿ 60×90 ಇಂಚು. ಡಬಲ್ ಅಂದರೆ 90×100 ಇಂಚು. ನಾಲ್ಕು ಅಡಿ ಅಗಲದ ಮಂಚಕ್ಕೆ ಸಿಂಗಲ್ ಹಾಕಿದರೆ ಎರಡೂ ಕಡೆ ಆರಾರು ಇಂಚು ಮಾತ್ರ ಇಳಿಬೀಳುತ್ತದೆ. ಅದೂ ಯಾರೂ ಮಲಗದೇ ಇದ್ದಾಗ. ಮನುಷ್ಯ ಮಲಗಿದ ಮೇಲೆ ಮೈಯ ಎತ್ತರ ಆ ಇಳಿಬಿದ್ದ ಬಟ್ಟೆಯನ್ನು ತಿನ್ನುತ್ತದೆ. ಮಗ್ಗುಲಾದರೆ ಭುಜದ ಎತ್ತರ ಇನ್ನೂ ಜಾಸ್ತಿ. ಆರು ಅಡಿ ಅಗಲದ ಮಂಚಕ್ಕೆ 90 ಇಂಚಿನ ಹೊದಿಕೆ ಹಾಕಿದರೂ ಇದೇ ಕಥೆ. ಪಕ್ಕಕ್ಕೆ ಒಂಬತ್ತು ಇಂಚು, ಇಬ್ಬರು ಮಲಗಿದರೆ ಒಂದೂ ಉಳಿಯುವುದಿಲ್ಲ.

ಲೆಕ್ಕ ಇಷ್ಟೇ: ಒಬ್ಬರು ಮಲಗುವ ಮಂಚಕ್ಕೆ ಅಗಲದ ಜೊತೆ ಕನಿಷ್ಠ 24 ಇಂಚು ಕೂಡಿಸಿ. ಇಬ್ಬರಿಗೆ 30ರಿಂದ 36. ಐದು ಅಡಿ ಮಂಚಕ್ಕೆ 90 ಇಂಚು ಹೊಂದುತ್ತದೆ. ಆರು ಅಡಿಗೆ 108 ಬೇಕು. ಅದಕ್ಕಿಂತ ಒಳ್ಳೆಯ ಉಪಾಯ, ಒಂದೇ ಮಂಚದ ಮೇಲೆ ಎರಡು ಸಿಂಗಲ್. ಗಂಡನಿಗೆ ಸೆಕೆ, ಹೆಂಡತಿಗೆ ಚಳಿ ಅನ್ನುವ ಮನೆಗಳೇ ಹೆಚ್ಚು. ಒಂದೇ ಹೊದಿಕೆಯಲ್ಲಿ ಇಬ್ಬರಿಗೂ ನ್ಯಾಯ ಆಗುವುದಿಲ್ಲ. ಸಿಂಗಲ್ ಹೊದಿಕೆಯನ್ನು ಮೈಗೆ ಸುತ್ತಿಕೊಂಡರೆ ಪಕ್ಕದ ಗಾಳಿಯೂ ನಿಲ್ಲುತ್ತದೆ.

ಅಲ್ಲಲ್ಲಿ ತಣ್ಣಗೆ, ಅಲ್ಲಲ್ಲಿ ಗಂಟು

ರಾತ್ರಿ ದೀಪ ಆರಿಸಿ, ರಜಾಯಿಯನ್ನು ಬಾಗಿಲಿಗೆ ತೂಗುಹಾಕಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಸರಾಗವಾಗಿ ಹಾಯುವ ಜಾಗದಲ್ಲಿ ಹತ್ತಿ ಇಲ್ಲ. ಕಪ್ಪಗೆ ಮುದ್ದೆಯಾಗಿ ಕಾಣುವ ಕಡೆ ಎಲ್ಲ ಹೋಗಿ ಕೂತಿದೆ. ಖಾಲಿ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ.

ಗುರುತುಗಳು ಹೊಲಿಗೆ ಬಿಟ್ಟ ಕಡೆಯಲ್ಲೇ ಇದ್ದರೆ ಕೆಲಸ ಸಣ್ಣದು. ಕೈಯಿಂದ ಹತ್ತಿಯನ್ನು ಸರಿಸಿ ತಂದು, ಬಿಟ್ಟ ಸಾಲನ್ನು ದಪ್ಪ ದಾರದಲ್ಲಿ ಮತ್ತೆ ಹೊಲಿಯಿರಿ. ಸಾಲಿನಿಂದ ಸಾಲಿಗೆ ನಾಲ್ಕೈದು ಇಂಚಿಗಿಂತ ಹೆಚ್ಚು ಬಿಡಬಾರದು. ಹೊಸ ರಜಾಯಿಗಳಲ್ಲಿ ದೊಡ್ಡ ದೊಡ್ಡ ಚೌಕ ಬಿಟ್ಟು ಹೊಲಿದಿರುತ್ತಾರೆ, ನೋಡಲು ಚೆಂದ. ಎರಡನೇ ಚಳಿಗಾಲಕ್ಕೆ ಹತ್ತಿ ಒಂದು ಮೂಲೆ ಸೇರುತ್ತದೆ.

ಗುರುತು ಎಲ್ಲ ಕಡೆ ಬಿದ್ದರೆ ಹತ್ತಿಯೇ ಕುಗ್ಗಿದೆ. ಹತ್ತಿಗೆ ತಾನಾಗಿ ಪುಟಿದೇಳುವ ಗುಣ ಕಡಿಮೆ. ಬೆವರು, ಒತ್ತಡ, ತಿಂಗಳುಗಟ್ಟಲೆ ಮಡಿಕೆ, ಇವೆಲ್ಲ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಮೊದಲು ಎರಡು-ಮೂರು ದಿನ ಬಿಸಿಲಿಗೆ ಹಾಕಿ, ಎರಡೂ ಮಗ್ಗುಲು ಕೋಲಿನಿಂದ ಮೆಲ್ಲಗೆ ಬಡಿಯಿರಿ. ಅರ್ಧಕ್ಕರ್ಧ ರಜಾಯಿಗಳು ಇಷ್ಟಕ್ಕೇ ಏಳುತ್ತವೆ. ಏಳದಿದ್ದರೆ ಹಿಂಜಿಸಬೇಕು.

ಇಲ್ಲಿ ನಮ್ಮ ಭಾಗ್ಯ ದೊಡ್ಡದು. ಸುತ್ತಲೂ ಹತ್ತಿ ಬೆಳೆಯುತ್ತದೆ, ರಾಯಚೂರಿನ ಹತ್ತಿ ಮಾರುಕಟ್ಟೆ ದೊಡ್ಡದು. ತಲೆಮಾರುಗಳಿಂದ ಹತ್ತಿ ಹಿಂಜುವ ಪಿಂಜಾರ, ನದಾಫ್ ಮನೆತನಗಳು ನಮ್ಮ ಊರುಗಳಲ್ಲಿ ಇವೆ. ಬಿಲ್ಲಿನ ಬದಲು ಈಗ ಮಷೀನು ಬಂದಿದೆ, ಕೈಚಳಕ ಮಾತ್ರ ಅದೇ. ಹಿಂಜಿಸುವಾಗ ಎದುರಿಗೆ ನಿಂತುಕೊಳ್ಳಿ. "ಕಾಕಾ, ಹಳೆ ಹತ್ತಿ ತೂಗಿ ಹಾಕ್ರಿ" ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ದೂಳು, ತುಂಡು ಎಳೆ ಉದುರಿ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿದಷ್ಟನ್ನು ಹೊಸ ಹತ್ತಿಯಿಂದ ತುಂಬಿಸಿ. ಹೊಸದು ಹಾಕುವಾಗ ಜವಾರಿ ಹತ್ತಿ ಸಿಕ್ಕರೆ ಬಿಡಬೇಡಿ. ನೂಲಿಗೆ ಉದ್ದ, ನಯ ಎಳೆ ಬೇಕು. ತುಂಬುವುದಕ್ಕೆ ಗಿಡ್ಡ, ಒರಟು ಎಳೆಯೇ ಚೆಂದ. ಅದು ಬೇಗ ಕುಗ್ಗುವುದಿಲ್ಲ. ಹಳೆ ಬಟ್ಟೆ ಹರಿದು ಮಾಡಿದ ಬಣ್ಣ ಬಣ್ಣದ ಚೂರು ಹತ್ತಿ ಬೇಡ. ಅದು ಹಿಂಜಿದ ದಿನ ಉಬ್ಬಿರುತ್ತದೆ, ಒಂದು ತಿಂಗಳಿಗೆ ಚಪ್ಪಟೆ.

ಹತ್ತಿಯ ರಜಾಯಿಯನ್ನು ಇಡಿಯಾಗಿ ನೀರಿಗೆ ಹಾಕಬೇಡಿ. ಒದ್ದೆಯಾದ ಹತ್ತಿ ಮುದ್ದೆಗಟ್ಟಿದರೆ ಬಿಚ್ಚಿ ಹಿಂಜಿಸದೆ ಬೇರೆ ದಾರಿ ಇಲ್ಲ. ಹತ್ತಿ ಬಟ್ಟೆಯ ಕವರ್ ಹೊಲಿಸಿ, ಅದನ್ನು ಮಾತ್ರ ಒಗೆಯಿರಿ.

ಕಂಫರ್ಟರ್ ಗಂಟು ಕಟ್ಟಿದ್ದರೆ ಹೆಚ್ಚಾಗಿ ಒಗೆದ ಮೇಲೆ ಹಿಂಡಿದ್ದೇ ಕಾರಣ. ಒಣಗುತ್ತಿರುವಾಗಲೇ ಗಂಟುಗಳನ್ನು ಬೆರಳಲ್ಲಿ ಬಿಡಿಸಿ, ಕೊಡವಿ. ಪೂರ್ತಿ ಚೂರಾಗಿದ್ದರೆ ರಿಪೇರಿ ಇಲ್ಲ. ಹತ್ತಿಯ ಜೊತೆ ಬೆರೆಸಿ ಹಿಂಜಿಸಲು ಹೋಗಬೇಡಿ, ಗಾದಿಯ ಕೆಳಗೆ ಹಾಸಿ.

ಭಾರ ಇದೆ, ಬೆಚ್ಚಗಿಲ್ಲ

ತೂಕವೇ ಬಿಸುಪು ಅನ್ನುವ ನಂಬಿಕೆ ಗಟ್ಟಿಯಾಗಿದೆ. ಅದಕ್ಕೇ ಕೌದಿಗೆ ಸಿಕ್ಕಿದ್ದೆಲ್ಲ ಸೇರಿಸಿ ಹೊಲಿಸುತ್ತಾರೆ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಹಳೆ ಪ್ಯಾಂಟು, ತುಂಡು ಬಟ್ಟೆ ಮನೆಯಲ್ಲಿ ಇದ್ದೇ ಇರುತ್ತದೆ, ಅದೂ ಕೌದಿಗೆ ಹೋಗುತ್ತದೆ. ಜೀನ್ಸ್ ಬಟ್ಟೆ ಚದರ ಮೀಟರಿಗೆ 400 ಗ್ರಾಂ ತನಕ ತೂಗುತ್ತದೆ. ಹತ್ತಿ ಸೀರೆ 100 ಗ್ರಾಂ ಸುತ್ತಮುತ್ತ. ಅಂದರೆ ಒಂದು ಪದರ ಜೀನ್ಸಿನ ಭಾರಕ್ಕೆ ನಾಲ್ಕು ಪದರ ಸೀರೆ ಬರುತ್ತದೆ. ನಾಲ್ಕು ಪದರದ ನಡುವೆ ಗಾಳಿ ಹಿಡಿಯುವ ಜಾಗ ಮೂರು. ಜೀನ್ಸಿನ ಒಂದು ಪದರದಲ್ಲಿ ಅಂಥ ಜಾಗ ಇಲ್ಲ. ಒಗೆದರೆ ಒಣಗುವುದೂ ಇಲ್ಲ. ಜೀನ್ಸ್ ಕೌದಿ ಕೆಳಗೆ ಹಾಸಲು ಬಹಳ ಒಳ್ಳೆಯದು, ಹೊದೆಯಲು ಬೇಡ.

ಕಂಫರ್ಟರ್ ಆದರೆ ಲೆಕ್ಕ ಬೇರೆ. ಚೀಲದ ಮೇಲೆ ಜಿಎಸ್‌ಎಂ ಅಂತ ಒಂದು ಅಂಕಿ ಇರುತ್ತದೆ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವ ಲೆಕ್ಕ ಅದು. ಅದು ನಿಜವೋ ಅಂತ ಮನೆಯಲ್ಲೇ ತೂಗಬಹುದು. 60×90 ಇಂಚಿನ ಹೊದಿಕೆ ಸುಮಾರು ಮೂರೂವರೆ ಚದರ ಮೀಟರ್. 200 ಜಿಎಸ್‌ಎಂ ಅಂದರೆ ಒಳಗಿನ ತುಂಬು 700 ಗ್ರಾಂ ಇರಬೇಕು. ಮೇಲಿನ-ಕೆಳಗಿನ ಬಟ್ಟೆಯ ತೂಕ ಸೇರಿ ಒಂದು ಕಿಲೋ ದಾಟಲೇಬೇಕು. 90×100 ಆದರೆ ತುಂಬು ಒಂದೇ 1,160 ಗ್ರಾಂ. ಇಡೀ ಹೊದಿಕೆ ಅದಕ್ಕಿಂತ ಕಡಿಮೆ ತೂಗಿದರೆ ಚೀಲದ ಮೇಲಿನ ಅಂಕಿ ಸುಳ್ಳು. ಬಿಲ್ ಇದ್ದರೆ ಮರಳಿಸಿ.

ನಮ್ಮ ಹವೆಗೆ 200 ಸಾಕು. 300ರ ಮೇಲಿನದು ಉತ್ತರ ಭಾರತದ ಚಳಿಗೆ. ಆನ್‌ಲೈನಿನಲ್ಲಿ ಕೆಲವು ಹೊದಿಕೆಗಳ ಮೇಲೆ ಟಾಗ್ ಅನ್ನುವ ಅಂಕಿಯೂ ಕಾಣುತ್ತದೆ. ಹೊದಿಕೆ ಎಷ್ಟು ಬೆಚ್ಚಗಿಡುತ್ತದೆ ಅಂತ ಹೇಳುವ ಇಂಗ್ಲೆಂಡಿನ ಲೆಕ್ಕ ಅದು. 4.5 ಟಾಗ್ ಅಲ್ಲಿಯ ಬೇಸಿಗೆಗೆ, 13.5 ಅಲ್ಲಿಯ ಚಳಿಗಾಲಕ್ಕೆ. ಅವರ ಬೇಸಿಗೆಯ ರಾತ್ರಿ ನಮ್ಮ ಜನವರಿಯ ರಾತ್ರಿಗೆ ಹತ್ತಿರ. ಹಾಗಾಗಿ ಚಳಿಗಾಲದ್ದು ಅಂತ ಬರೆದಿದೆ ಎಂದು 13.5 ತರಿಸಬೇಡಿ.

ಟ್ರಂಕಿನಿಂದ ತೆಗೆದಾಗ ಮುಗ್ಗಲು ವಾಸನೆ

ಇದಕ್ಕೆ ನಮ್ಮ ಕಡೆಯ ಕಾರಣ ಒಂದಿದೆ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆ ಎಲ್ಲ ಒಗೆಯುವುದು ಪದ್ಧತಿ. ಆದರೆ ನಮ್ಮ ಮೂರೂ ಜಿಲ್ಲೆಗೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರಿನಲ್ಲೇ. ಹಬ್ಬ ಮುಂದೆ, ಮೋಡ ಮೇಲೆ. ಆರು ಪದರದ ಕೌದಿ ಮೇಲೆ ಒಣಗಿದಂತೆ ಕಾಣುತ್ತದೆ, ನಡುವಿನ ಪದರ ಹಸಿ. ಹಾಗೇ ಮಡಚಿ ಟ್ರಂಕಿಗೆ ಹಾಕಿ, ನವೆಂಬರಿನಲ್ಲಿ ತೆಗೆದರೆ ಕಪ್ಪು ಚುಕ್ಕಿ, ಮುಗ್ಗಲು ವಾಸನೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಸುತ್ತಲೂ ಭತ್ತದ ಗದ್ದೆ, ಕಾಲುವೆ ನೀರು. ಅಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಒಣಗಿದೆಯೋ ಇಲ್ಲವೋ ನೋಡಲು, ಬಿಸಿಲಿನಿಂದ ತೆಗೆದ ಕೂಡಲೇ ಮುಟ್ಟಬೇಡಿ. ಬಿಸಿಯಾದ ಬಟ್ಟೆಯಲ್ಲಿ ತೇವ ಗೊತ್ತಾಗುವುದಿಲ್ಲ. ಮಡಚಿ ನೆರಳಲ್ಲಿ ಒಂದು ತಾಸು ಬಿಡಿ. ಆಮೇಲೆ ಮಡಿಕೆಯ ಒಳಗೆ ಕೈ ಹಾಕಿ. ಹೊರಗಿಗಿಂತ ತಣ್ಣಗಿದ್ದರೆ ಇನ್ನೊಂದು ಬಿಸಿಲು ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡಬೇಡಿ, ಹಳೆ ಧೋತರದಲ್ಲಿ ಸುತ್ತಿಡಿ.

ಬೇಸಿಗೆಯಲ್ಲೂ ವಾಸನೆ ಬಂದರೆ ಕೂಲರ್ ನೋಡಿ. ನೀರಿನ ಕೂಲರ್ ಕೋಣೆಗೆ ತಂಪಿನ ಜೊತೆ ತೇವವನ್ನೂ ತುಂಬುತ್ತದೆ. ಎದುರಿನ ಕಿಟಕಿ ತೆರೆದಿರಲಿ, ಚಳಿಗಾಲದ ಹೊದಿಕೆಗಳು ಆ ಕೋಣೆಯಲ್ಲಿ ಬೇಡ.

ನುಸಿಗುಳಿಗೆ ಹಾಕಿಟ್ಟ ಹೊದಿಕೆಯನ್ನು ಎರಡು-ಮೂರು ದಿನ ಗಾಳಿ-ಬಿಸಿಲಿಗೆ ಹಾಕದೆ ಬಳಸಬೇಡಿ. ಹಸುಗೂಸು ಇರುವ ಮನೆಯಲ್ಲಿ ಗುಳಿಗೆಯೇ ಬೇಡ. ನ್ಯಾಫ್ತಲೀನ್ ವಾಸನೆ ಹತ್ತಿದ ಬಟ್ಟೆಯಿಂದ ಕೆಲವು ಕೂಸುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ಒಣಗಿಸಿದ ಬೇವಿನ ಎಲೆ ಸಾಕು.

ಸೀನು, ತುರಿಕೆ, ಚಟ್ ಎನ್ನುವ ಕಿಡಿ

ಹೊದ್ದ ಕೂಡಲೇ ಸೀನು ಬಂದರೆ ದೂಳು, ದೂಳಿನ ಸಣ್ಣ ನುಸಿ. ಬಳ್ಳಾರಿ, ಸಂಡೂರು ಕಡೆಯ ಕೆಂಪು ದೂಳು ಬೇರೆ. ಕೌದಿಯನ್ನಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ರಜಾಯಿಗೆ ಕವರೇ ದಾರಿ.

ಬೆಳಗ್ಗೆ ಸಾಲು ಸಾಲು ಕೆಂಪು ದದ್ದು ಇದ್ದರೆ ತಿಗಣೆ. ಹೊದಿಕೆಗಿಂತ ಮೊದಲು ಮಂಚದ ಸಂದು, ಗಾದಿಯ ಅಂಚಿನ ಹೊಲಿಗೆ ನೋಡಿ, ಕಪ್ಪು ಚುಕ್ಕಿ ಕಾಣುತ್ತವೆ. ತಿಗಣೆ, ಮೊಟ್ಟೆ ಎರಡೂ ಸಾಯಲು ಒಳಪದರದವರೆಗೆ 50 ಡಿಗ್ರಿ ಮುಟ್ಟಬೇಕು. ಸುಮ್ನೆ ಬಿಸಿಲಿಗೆ ಹರವಿದರೆ ಅವು ನೆರಳಿಗೆ ಸರಿಯುತ್ತವೆ. ಕುದಿನೀರಿಗೆ ಹಾಕಬಹುದಾದದ್ದನ್ನು ಹಾಕಿ, ಮಂಚಕ್ಕೆ ಬೇರೆ ಉಪಚಾರ ಮಾಡಿಸಿ.

ಕಂಬಳಿ ಚುಚ್ಚಿದರೆ ಅದು ಉಣ್ಣೆಯ ಗುಣ. ಚಳ್ಳಕೆರೆ ಕಡೆಯಿಂದ ಬರುವ ಕುರಿ ಉಣ್ಣೆಯ ಕಂಬಳಿ ಒರಟೇ ಇರುತ್ತದೆ. ಒಳಗೆ ದುಪ್ಪಟಿ ಹೊದ್ದು ಮೇಲೆ ಕಂಬಳಿ ಹಾಕಿ. ಜಮೀನಿನಲ್ಲಿ, ಜಾತ್ರೆಯಲ್ಲಿ ಬಯಲಿಗೆ ಮಲಗುವವರಿಗೆ ಕಂಬಳಿಗಿಂತ ಒಳ್ಳೆಯದು ಇಲ್ಲ. ಇಬ್ಬನಿ ಬಿದ್ದು ತೋಯ್ದರೂ ಅದು ಬೆಚ್ಚಗೇ ಇರುತ್ತದೆ. ಜನವರಿಯ ಕೊಪ್ಪಳ ಗವಿಮಠದ ಜಾತ್ರೆಗೆ ನಡೆದು ಹೋಗುವವರ ಹೆಗಲಿಗೆ ಕಂಫರ್ಟರ್ ಬದಲು ಇದನ್ನೇ ಹಾಕಿ ಕಳಿಸಿ.

ಪಾಲಿಯೆಸ್ಟರ್ ಹೊದಿಕೆ ಎಳೆದಾಗ ಕಿಡಿ ಹಾರಿದರೆ ಹೆದರಬೇಡಿ. ಒಣ ಹವೆಯಲ್ಲಿ ಉಜ್ಜಾಟದಿಂದ ಹಾಗಾಗುತ್ತದೆ. ಹತ್ತಿ ಕವರ್ ಹಾಕಿದರೆ ಕಡಿಮೆಯಾಗುತ್ತದೆ.

ಎಸಿ ಕೋಣೆ

18ಕ್ಕೆ ಇಟ್ಟು ದಪ್ಪ ರಜಾಯಿ ಹೊದೆಯುವುದು ಕರೆಂಟಿಗೂ ದಂಡ, ನಿದ್ದೆಗೂ ದಂಡ. ಕರೆಂಟ್ ಹೋದ ಕೂಡಲೇ ಬೆವರಿಳಿಯುತ್ತದೆ. 2020ರ ಜನವರಿಯಿಂದ ದೇಶದಲ್ಲಿ ಮಾರುವ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನುವ ನಿಯಮ ಇದೆ. ಅದನ್ನು ಮುಟ್ಟದೆ ಬಿಡಿ. ಮೂರು ಪದರದ ಕೌದಿ ಅಥವಾ 100ರಿಂದ 150 ಜಿಎಸ್‌ಎಂ ಸಾಕು.

ಕೂಸು ಮತ್ತು ಹಿರಿಯರು

ಒಂದು ವರ್ಷದೊಳಗಿನ ಕೂಸಿಗೆ ಸಡಿಲ ರಜಾಯಿ, ಕೌದಿ ಯಾವುದೂ ಬೇಡ. ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಕೂಸಿಗೆ ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಮೈತುಂಬ ಹತ್ತಿಯ ಬಟ್ಟೆ ಹಾಕಿ, ಕೋಣೆಯನ್ನು ಬೆಚ್ಚಗಿಡಿ. ಇದರಲ್ಲಿ ರಾಜಿ ಬೇಡ.

ವಯಸ್ಸಾದವರಿಗೆ ಭಾರದ ರಜಾಯಿ ಹೊದಿಸಿದರೆ ಮಗ್ಗುಲಾಗಲು, ರಾತ್ರಿ ಏಳಲು ಕಷ್ಟ. ಎರಡು ಹಗುರ ಹೊದಿಕೆ, ಕಾಲಿಗೆ ಕಾಲುಚೀಲ. ನೆಲಕ್ಕೆ ಇಳಿಬಿದ್ದು ಎಡವುವಂತೆ ಇರಬಾರದು. ಎಷ್ಟು ಹೊದ್ದರೂ ಕೈಕಾಲು ತಣ್ಣಗೇ ಇದ್ದರೆ ರಕ್ತ ಕಡಿಮೆ ಇದೆಯೋ, ಥೈರಾಯ್ಡ್ ಇದೆಯೋ ಪರೀಕ್ಷೆ ಮಾಡಿಸಿ.

ಇಷ್ಟು ನೋಡಿಯೂ ಹೊಸದು ಬೇಕು ಅನ್ನಿಸಿದರೆ

ರಸ್ತೆ ಬದಿಯ ರಾಶಿಯಲ್ಲಾಗಲಿ, ದೊಡ್ಡ ಅಂಗಡಿಯಲ್ಲಾಗಲಿ, ಮುಟ್ಟಿ ಆರಿಸಿ. ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಬಿಡಿ. ಮೆಲ್ಲಗೆ ಮೇಲೇಳಬೇಕು. ಒದ್ದೆ ಬಿಳಿ ಕರವಸ್ತ್ರದಿಂದ ಗಾಢ ಬಣ್ಣದ ಮೇಲೆ ಉಜ್ಜಿ. ಬಣ್ಣ ಹತ್ತಿದರೆ ಬೇಡ, ಬೆವರಿಗೂ ಬಿಡುತ್ತದೆ. ಶುದ್ಧ ಹತ್ತಿ ಅಂತ ಹೇಳಿದರೆ ಅಂಚಿನಿಂದ ಒಂದು ಎಳೆ ಕೇಳಿ ತಗೊಂಡು, ಅಂಗಡಿಯ ಹೊರಗೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ.

ಆದರೆ ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ಎರಡು ಕೌದಿ ಹೊಲಿಸಿ. ಒಂದು ಮೂರು ಪದರದ್ದು, ಅದು ವರ್ಷವಿಡೀ ಬರುತ್ತದೆ. ಇನ್ನೊಂದು ಐದು ಪದರದ್ದು, ಡಿಸೆಂಬರ್-ಜನವರಿಗೆ. ಎರಡನ್ನೂ ಸಿಂಗಲ್ ಅಳತೆಯಲ್ಲೇ ಹೊಲಿಸಿ. ಮೈಗೆ ತಾಗುವ ಪದರಕ್ಕೆ ನೀವು ಬಹಳ ಉಟ್ಟು, ಒಗೆದು ಮೆತ್ತಗಾದ ಹತ್ತಿ ಸೀರೆ ಕೊಡಿ. ಜರಿ, ರೇಷ್ಮೆ, ನೈಲಾನ್ ಸೀರೆ ಬೆರೆಸಬೇಡಿ. ಒಗೆದಾಗ ಒಂದು ಕುಗ್ಗಿ, ಇನ್ನೊಂದು ಕುಗ್ಗದೆ ಕೌದಿ ಸುಕ್ಕಾಗುತ್ತದೆ. ಹೊಸ ಬಟ್ಟೆ ಸೇರಿಸುವುದಿದ್ದರೆ ಮೊದಲೇ ನೀರಿಗೆ ಹಾಕಿ ಒಣಗಿಸಿ ಕೊಡಿ. ಹೊಲಿಯುವವರಿಗೆ "ಅಕ್ಕಾರ, ಸಾಲು ಒತ್ತಾಗಿ ಹಾಕ್ರಿ, ದಾರ ಬಿಗಿ ಎಳೀಬ್ಯಾಡ್ರಿ" ಅಂತ ಹೇಳಿ. ಬಿಗಿ ಎಳೆದರೆ ಪದರಗಳ ನಡುವಿನ ಗಾಳಿ ಹೋಗುತ್ತದೆ. ಒಂದೊಂದು ಹೊಲಿಗೆಯೂ ಕೈಯದ್ದು, ವಾರಗಟ್ಟಲೆ ಕೆಲಸ. ಕೂಲಿಯಲ್ಲಿ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ. ದೀಪಾವಳಿ ಹೊತ್ತಿಗೆ ಕೈಗೆ ಸಿಗಬೇಕು ಅಂದರೆ ಮಳೆಗಾಲ ಶುರುವಾಗುವ ಮುಂಚೆಯೇ ಸೀರೆ ಕಟ್ಟಿ ಅವರ ಮನೆಗೆ ಮುಟ್ಟಿಸಿ.